ಎರಡು ಗಂಟೆಯ ಪಾಳಿ

ಮೂರನೆಯ ಹಾಡಿನ ನಾಲ್ಕನೆಯ ನಿಮಿಷದಲ್ಲಿ
ಒಂದು ಕೂಗು ಏಳುತ್ತದಲ್ಲ,
ಗಿಟಾರಿನ ಬೆನ್ನು ಹತ್ತಿ ಬಂದು
ಹೆಗಲೇರಿ ಕೂತೇ ಬಿಡುತ್ತದಲ್ಲ,
ಅದು ಯಾವ ಯಂತ್ರದ್ದಮ್ಮ ಎಂದು ಕೇಳುತ್ತಾನೆ
ಹ್ಯಾಂಬರ್ಗಿನಿಂದ ಬಂದ ಹುಡುಗ.
ಬಿಸಿಲಿಗೆ ಅವನ ಮೂಗು ಸುಲಿದಿದೆ.
ಮಡಿಲಲ್ಲಿ ನಮ್ಮ ಹಾಡಿನ ತಟ್ಟೆ, ಹೊದಿಕೆ ಹರಿದದ್ದು,
ಕೂಸನ್ನು ಹಿಡಿದ ಹಾಗೆ ಹಿಡಿದಿದ್ದಾನೆ.

ಯಂತ್ರವಲ್ಲಪ್ಪ, ಗಣಿ.
ಕಿಟ್ವೆಯ ತಾಮ್ರದ ಗಣಿ, ಎರಡು ಗಂಟೆಯ ಪಾಳಿಯ ಸೈರನ್.
ಬಾಗಿಲು ತೆಗೆದವಳು ನಾನು.

ಅಕ್ಟೋಬರ್. ಎಪ್ಪತ್ತನಾಲ್ಕೋ ಎಪ್ಪತ್ತೈದೋ.
ಕಾರ್ಮಿಕರ ಕ್ಲಬ್ಬಿನ ಕಿಟಕಿಗಳಿಗೆಲ್ಲ
ಹಾಸ್ಟೆಲಿನ ಕಂಬಳಿ ಜಡಿದಿದ್ದರು, ಸದ್ದು ಸೋರಬಾರದೆಂದು.
ಒಳಗೆ ನಾಲ್ವರು ಗಂಡಸರು, ಎರಡು ಮೈಕು,
ಎನ್‌ಡೋಲಾದಿಂದ ಬಾಡಿಗೆಗೆ ತಂದ ಟೇಪ್ ಮೆಷಿನ್ನು,
ಜೊತೆಗೆ ನಾನು, ಇಪ್ಪತ್ತೆರಡರ ಚಿಲೆಕ್ವಾ,
ಕರಿದ ಹಿಟ್ಟಿನುಂಡೆಯ ಬುಟ್ಟಿ, ಮುಂಕೋಯೊ ತುಂಬಿದ ಬಕೆಟ್ಟು.
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಕಾಲಿಗೆ ಆನೆಕಾಲಿನ ಪ್ಯಾಂಟು ಎಂದು
ಊರು ನಗುತ್ತಿದ್ದ ಕಾಲ.
ತಮ್ಮನ್ನು ಉಮುಲಿಲೋ ಎಂದು ಕರೆದುಕೊಂಡಿದ್ದರು:
ನಮ್ಮ ಮಾತಿನಲ್ಲಿ ಬೆಂಕಿ.

ಕಪೆಂಬ್ವಾ ಬೆಸುಗೆಯವನು.
ಸಾರ್ಡೀನ್ ಡಬ್ಬಿಯೊಳಗೆ ತಂತಿ ಸುತ್ತಿ, ಗುಂಡಿಯಿಟ್ಟು
ಗಿಟಾರಿಗೆ ಸಿಕ್ಕಿಸಿದ್ದ.
ಮೆಟ್ಟಿದರೆ ಸಾಕು,
ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಏಳುತ್ತಿತ್ತು,
ಹಲ್ಲಿನ ಬೇರು ಜುಮ್ಮೆನ್ನುತ್ತಿತ್ತು.
ರಾತ್ರಿ ಗುಡ್ಡದ ಮೇಲೆ ಕಾದ ಕಿಟ್ಟ ಸುರಿಯುವಾಗ
ಆಕಾಶ ಇದ್ದಕ್ಕಿದ್ದಂತೆ ಕಿತ್ತಳೆಯಾಗುತ್ತದಲ್ಲ,
ಅದಕ್ಕೆ ದನಿ ಇದ್ದರೆ ಹೀಗೇ ಇರುತ್ತಿತ್ತು.
ಹೊಗೆ ಸೇದಿ ಕನಸು ಕಂಡವರು ಅಂತ
ನಿಮ್ಮ ಕಡೆ ಬರೆದಿದ್ದಾರಂತೆ.
ಹೊಗೆ ನಾವೆಲ್ಲ ಸೇದಿದ್ದೆವು, ಕುಲುಮೆಯದು,
ಹುಟ್ಟಿದಾಗಿನಿಂದ, ಪುಕ್ಕಟೆ.

ನೀನು ಕೇಳಿದ್ದು ಬಾಗಿಲಿನ ಕತೆ.
ಸೆಕೆ. ವೈಟ್‌ಸನ್ನನ ಬೆವರು
ಡ್ರಮ್ಮಿನ ತೊಗಲಿನ ಮೇಲೆ ತೊಟ್ಟಿಕ್ಕುತ್ತಿತ್ತು.
ಟೇಪು ಓಡುತ್ತಿದೆ ಅನ್ನುವುದೇ ಮರೆತು
ಒಂದು ಗೇಣು ಬಾಗಿಲು ತೆಗೆದೆ,
ಗಾಳಿ ಬರಲಿ ಅಂತ.
ಗಾಳಿ ಬರಲಿಲ್ಲ. ಸೈರನ್ ಬಂತು.

ಆ ಮಧ್ಯಾಹ್ನ ಕಪೆಂಬ್ವಾ ನೆಲದಡಿ ಇಳಿಯಬೇಕಿತ್ತು.
ಆ ಕೂಗು ಕರೆದದ್ದು ಅವನನ್ನೇ.
ಬೆರಳು ನಿಂತವು. ಕೇಳಿ ನೋಡು,
ಒಂದು ಉಸಿರಿನಷ್ಟು ಖಾಲಿ ಇದೆ ಅಲ್ಲಿ.
ಬಾಗಿಲು ನೋಡಿದ, ನನ್ನನ್ನು ನೋಡಿದ,
ಮತ್ತೆ ತಂತಿಯನ್ನು ಎಳೆದ, ಎಳೆದ,
ಸೈರನ್ನಿನ ಎತ್ತರ ಮುಟ್ಟುವ ತನಕ ಬಗ್ಗಿಸಿ ಹಿಡಿದ,
ಬರುವುದಿಲ್ಲ ಅಂದ ಹಾಗೆ,
ಬೇಕಾದರೆ ನೀನೇ ಬಾ ಅಂದ ಹಾಗೆ.

ಎರಡು ದಿನದ ಕೂಲಿ ಕಡಿದರು.

ಮುನ್ನೂರು ತಟ್ಟೆ ಅಚ್ಚಾದವು, ಎಪ್ಪತ್ತೋ ಎಂಬತ್ತೋ ಮಾರಿದವು.
ಒಂದು ನಮ್ಮ ನೀರಿನ ಕೊಡಕ್ಕೆ ಮುಚ್ಚಳವಾಯಿತು.
ತಾಮ್ರದ ಬೆಲೆ ಬಿತ್ತು, ಜೋಳದ ಹಿಟ್ಟಿನ ಬೆಲೆ ಎದ್ದಿತು.
ಮುಂದೆ ಆ ಕಾಯಿಲೆ ಬಂತು, ಹೆಸರು ಹೇಳದೆ
ಒಬ್ಬೊಬ್ಬರನ್ನೇ ಕರೆದುಕೊಂಡು ಹೋಯಿತು:
ಹಾಡುವ ಚಿಶಾಲಾನನ್ನು, ವೈಟ್‌ಸನ್ನನನ್ನು,
ಕೊನೆಗೆ ಕಪೆಂಬ್ವಾನನ್ನು, ಅವನ ಹೆಂಡತಿಯನ್ನೂ.
ಅದಕ್ಕೆ ಸೈರನ್ ಇರಲಿಲ್ಲ.

ಒಸಾಕದಲ್ಲಿ, ಲಿಮಾದಲ್ಲಿ
ಆ ನಾಲ್ಕನೆಯ ನಿಮಿಷಕ್ಕೆ ಕಾದಿದ್ದು
ಎಳೆಯರು ಕಣ್ಣು ಮುಚ್ಚಿ ತೂಗುತ್ತಾರಂತೆ. ಹುಡುಗ ಹೇಳುತ್ತಾನೆ.
ಯಾಕೆ ಅಂತ ಅವನಿಗೂ ಗೊತ್ತಿಲ್ಲ.
ನನಗೆ ಗೊತ್ತಿದೆ ಅಂತಲೂ ಅಲ್ಲ.
ಕೆಲಸಕ್ಕೆ ಹೋಗದ ಒಂದು ಮಧ್ಯಾಹ್ನ
ಎಲ್ಲ ಊರಲ್ಲೂ ಬೇಕಾಗುತ್ತದೋ ಏನೋ.

ಪುಟ್ಟ ಸ್ಪೀಕರನ್ನು ಮೆಟ್ಟಿಲ ಮೇಲಿಟ್ಟು ಹಾಕಿದ.
ಹೊಸ ಧಣಿಗಳು ಬಂದು, ಗಣಿಯ ಸೈರನ್ ನಿಂತು ವರ್ಷಗಳಾದವು;
ಈಗ ಅದು ಕೂಗುವುದು ಈ ತಟ್ಟೆಯಲ್ಲಿ ಮಾತ್ರ.
ಬೀದಿಯಲ್ಲಿ ಎಂಬತ್ತರ ಮುದುಕ ಕಸೊಂಡೆ
ಎಲೆಕೋಸಿನ ಚೀಲ ಹಿಡಿದು ಹೋಗುತ್ತಿದ್ದ.
ಕೂಗು ಎದ್ದಿತು.
ಅವನು ನಿಂತ. ಖಾಲಿ ಕೈ ತಲೆಗೆ ಹೋಗಿ
ಇಲ್ಲದ ಹೆಲ್ಮೆಟ್ಟಿನ ದೀಪ ತಡವಿತು.
ಮತ್ತೆ ದಾಪುಗಾಲು ಹಾಕುತ್ತ, ಚೀಲ ತೊಡೆಗೆ ಬಡಿಯುತ್ತ,
ಮನೆಯ ದಿಕ್ಕು ಬಿಟ್ಟು
ಗಣಿಯ ದಿಕ್ಕಿಗೆ ಹೊರಟ.

ಕಸೊಂಡೆ, ನಿಲ್ಲೋ, ಕೂಗಿದೆ ನಾನು,
ಈ ಹೊತ್ತು ರಜೆ!