ಒಂದೇ ಆಟ

ಮನಾಮಕ್ಕೆ ಕನ್ನಡ ಸಿನಿಮಾ ಬರುತ್ತಿದ್ದದ್ದು
ವರ್ಷಕ್ಕೆ ನಾಲ್ಕೋ ಐದೋ. ಶುಕ್ರವಾರ ಬೆಳಿಗ್ಗೆ,
ಒಂದೇ ಆಟ. ಮಧ್ಯಾಹ್ನದ ಬಾಂಗಿಗೆ ಮೊದಲು ಮುಗಿಯಬೇಕು;
ಎಷ್ಟೋ ಸಲ ಕೊನೆಯ ಹೊಡೆದಾಟಕ್ಕೇ ಕತ್ತರಿ.

ನನ್ನ ವಿಮರ್ಶೆ ಅಚ್ಚಾಗುತ್ತಿದ್ದದ್ದು ಮುಂದಿನ ಗುರುವಾರ.
ಹಗಲು ಕೋಲ್ಡ್ ಸ್ಟೋರೇಜಿನಲ್ಲಿ ಕುರಿಮಾಂಸದ ಲೆಕ್ಕ,
ರಾತ್ರಿ ನಕ್ಷತ್ರಗಳ ಲೆಕ್ಕ: ಎರಡೂವರೆ, ಮೂರು.
ನಾಲ್ಕು ಕೊಟ್ಟದ್ದು ಇಪ್ಪತ್ತಾರು ವರ್ಷದಲ್ಲಿ ಎರಡೇ ಸಲ,
ಅದರಲ್ಲೊಂದು ಜ್ವರದಲ್ಲಿ.
'ತಪ್ಪದೆ ನೋಡಿ' ಎಂದು ಬರೆಯುವ ಹೊತ್ತಿಗೆ
ರೀಲಿನ ಡಬ್ಬ ಆಗಲೇ ವಿಮಾನ ಹತ್ತಿರುತ್ತಿತ್ತು.

ಯಾರು ಓದುತ್ತಾರೆ ಅಂದುಕೊಂಡಿದ್ದೆ.
ಸಿತ್ರಾದ ಲೇಬರ್ ಕ್ಯಾಂಪಿನಲ್ಲಿ ಇದಿನಬ್ಬ ಓದುತ್ತಿದ್ದ,
ನೀರಿನ ಟ್ಯಾಂಕರಿನ ಡ್ರೈವರು. ಗಟ್ಟಿಯಾಗಿ,
ಹದಿನಾಲ್ಕು ಮಂಚಕ್ಕೂ ಕೇಳುವ ಹಾಗೆ.
ನಾನು ಬೈದ ಹಾಡಿಗೆ ತಾನೇ ರಾಗ ಕಟ್ಟುತ್ತಿದ್ದ.
'ಕ್ಲೈಮ್ಯಾಕ್ಸ್ ಹೇಳುವುದಿಲ್ಲ' ಎಂದು ನಾನು ನಿಲ್ಲಿಸಿದಲ್ಲಿಂದ
ಅವನು ಮುಂದುವರಿಸುತ್ತಿದ್ದ;
ಇಂಟರ್‌ವಲ್ಲಿಗೇ ಸತ್ತ ತಂಗಿಯನ್ನು
ಬದುಕಿಸಿ ಮದುವೆ ಮಾಡಿಸಿದ್ದೂ ಉಂಟು.

ಈಗ ಎಲ್ಲ ಸಿನಿಮಾ ಫೋನಿನಲ್ಲೇ ಇದೆ.
'ಯಾವುದು ನೋಡುವುದು ಮಾರಾಯ್ರೆ?'
ಹುಡುಗರು ಕೇಳುತ್ತಾರೆ. ಹೆಸರು ಹೇಳುತ್ತೇನೆ,
ಹೇಳಬೇಕಲ್ಲ.
ಆದರೆ ನೆನಪಾಗುವುದು ಒಂದು ರಾತ್ರಿ
ಆ ಕ್ಯಾಂಪಿಗೆ ಹೋದದ್ದು, ಬಾಗಿಲಾಚೆ
ಚಪ್ಪಲಿ ಬಿಚ್ಚಿ ನಿಂತದ್ದು.
ಒಳಗೆ, ನಾನು ಒಂದೂವರೆ ಕೊಟ್ಟ ಚಿತ್ರ.
ಯಾರೋ ಮೂಗೆಳೆದರು. ಏಸಿ ಗೊರ್ರೆಂದಿತು.
ಬಾಗಿಲು ತಟ್ಟಲಿಲ್ಲ ನಾನು.
ಮುಗಿಯುವ ತನಕ ನೋಡಿದೆ.