ಪುಟಕ್ಕೆ ನಲವತ್ತು

ಮಾಗಡಿ ರಸ್ತೆ ಟೋಲ್‌ಗೇಟಿನ ಹತ್ತಿರ
ಬ್ಯಾಟರಿ ಅಂಗಡಿಯ ಮೇಲೆ, ಎರಡನೇ ಮಹಡಿ.
ಸತ್ತವರನ್ನು ಓದುವುದು ನನ್ನ ಕೆಲಸ.
ಪುಟಕ್ಕೆ ನಲವತ್ತು ರೂಪಾಯಿ.
ನೀರು ಕುಡಿದ ಪುಟಕ್ಕೆ ಐದು ಹೆಚ್ಚು,
ಅದೂ ಅರುಳಪ್ಪ ಸರ್ ಕನ್ನಡಕ ಏರಿಸಿ ಒಪ್ಪಿದರೆ.

ಜರ್ಮನಿಯ ಯಾವುದೋ ಹಳ್ಳಿಯ ಚರ್ಚಿನ ದಫ್ತರ.
ಪಾದ್ರಿಯ ಕೈ ಓಡಿದೆ, ಶಾಯಿ ಕಂದಿದೆ,
ಅವನ ಇ ನೋಡಲು ಎನ್,
ಅವನ ಯು ತಲೆಯ ಮೇಲೊಂದು ಕುಡುಗೋಲು.
ಕಂಟೋನ್ಮೆಂಟಿನ ಸಂಜೆ ತರಗತಿ ಭಾಷೆ ಕಲಿಸಿತು,
ಈ ಕೊಕ್ಕೆಗಳನ್ನಲ್ಲ.
ಮೋಡಿ ಓದುತ್ತಿದ್ದ ಹೆಳವರ ಸಂಕಪ್ಪನ ಮೊಮ್ಮಗಳಲ್ಲವಾ,
ರಕ್ತದಲ್ಲೇ ಬಂದದ್ದು
ಎನ್ನುತ್ತಾನೆ ಸಂಕಪ್ಪನೇ. ಇರಲಿ.

ಅಜ್ಜನಿಗೆ ಎತ್ತಿತ್ತು, ಎತ್ತಿನ ಕೊರಳಿಗೆ ಗಂಟೆ,
ಹೆಗಲಿಗೆ ಕೆಂಪು ವಸ್ತ್ರದಲ್ಲಿ ಸುತ್ತಿದ ಪುಸ್ತಕ.
ಸುಗ್ಗಿ ಮುಗಿದ ಮೇಲೆ ಒಕ್ಕಲು ಮಂದಿಯ ಹೊಸ್ತಿಲೆದುರು
ಎತ್ತಿನಿಂದ ಇಳಿಯದೆ ಏಳು ತಲೆ ಒಪ್ಪಿಸುತ್ತಿದ್ದ:
ಯಾರು ಯಾವ ಊರು ಬಿಟ್ಟು ಬಂದರು,
ಯಾವ ಬಾವಿಯ ಪಾಲಿಗೆ ಅಣ್ಣತಮ್ಮ ಬೇರಾದರು.
ಹೆಸರಿಗೊಂದು ಬೊಗಸೆ ಜೋಳ.
ಎತ್ತು ಸತ್ತಿತು. ಅಪ್ಪ ಸುಂಕದಕಟ್ಟೆಗೆ ಬಂದು ಟೆಂಪೊ ಹಿಡಿದ.
ಗಂಟೆ ಗುಜರಿಗೆ ಹೋಯಿತು.
ಪುಸ್ತಕ ಇದೆ, ಸಿಲಿಂಡರಿನ ಹಿಂದೆ, ಟ್ರಂಕಿನಲ್ಲಿ.
ಕೊನೆಯ ಹಾಳೆಯಲ್ಲಿ ನಮ್ಮದೇ ಮನೆತನ.
ಅಣ್ಣನವರೆಗೆ ಬಂದು ನಿಂತಿದೆ.

ಈ ತಿಂಗಳ ಮನೆತನ ಹಾಫರ್‌ಕಾಂಪ್.
ನೆಬ್ರಾಸ್ಕಾದಿಂದ ಆರ್ಡಿಸ್ ಎಂಬಾಕೆ ಬರೆಸುತ್ತಿದ್ದಾಳೆ.
ಮರಿಮಕ್ಕಳು ಸೇರುವ ದಿನಕ್ಕೆ ಗೋಡೆಗೊಂದು ಪಟ ಬೇಕು.

ರಾತ್ರಿ, ಕರೆಂಟು ಹೋದಾಗ, ಅಜ್ಜನಿಗೆ ಓದಿ ಹೇಳಿದೆ.
ಹಾಫರ್‌ಕಾಂಪ್ ಅಂದರೆ ತೋಕೆಗೋಧಿ ಹೊಲ ಅಜ್ಜಾ.
'ಹಂಗಂದ್ರ ನಮ್ಮ ಜೋಳದ ಅಂತಾರಲ್ಲ, ಅಂಥಾ ಮಂದಿ.'
ಹೊಲ ದೊಡ್ಡ ಮಗನಿಗೆ, ಉಳಿದವರಿಗೆ ಹಡಗು.
'ಎಲ್ಲಾ ಕಡಿ ಅಷ್ಟ.'
ಮರವಿಲ್ಲದ ಬಯಲು, ಹುಲ್ಲುಹೆಂಟೆ ಕಡಿದು ಗೋಡೆ,
ಮೊದಲ ವರ್ಷ ಹಾವು ಸೂರಿನಿಂದ ಹಾಸಿಗೆಗೆ.
'ಮಣ್ಣು?'
ಕಪ್ಪು.
'ಎರಿ ಭೂಮಿ,' ಅಂದ, ಕಣ್ಣು ಮುಚ್ಚಿ,
ತಾನೇ ಹೋಗಿ ಅಗೆದು ನೋಡಿ ಬಂದವನ ಹಾಗೆ.

ಆಮೇಲೆ ಗೆಸೀನೆ.
ಎರಡು ವರ್ಷ, ಹಡಗಿನ ಪಟ್ಟಿಯ ಅಂಚಿನಲ್ಲಿ
ಹೆಸರಿನ ಪಕ್ಕ ಒಂದು ಶಿಲುಬೆ, ಇರುವೆಯಷ್ಟು.
ಆರ್ಡಿಸ್ ಬರೆದಿದ್ದಾಳೆ:
ಸಂತಾನವಿಲ್ಲದವರನ್ನು ಬಿಡಿ,
ಪಟ ಅಗಲವಾಗುತ್ತದೆ, ನನ್ನ ಗೋಡೆ ಸಣ್ಣದು.

'ನಮ್ಮ ಪುಸ್ತಕದಾಗೂ ಹೆಣ್ಣು ಹುಡುಗ್ಯಾರ್ನ ಬರಿಯಂಗಿಲ್ಲ.
ಅವ್ರು ಹೋದ ಮನಿ ಪುಸ್ತಕದಾಗ ಇರ್ತಾರ.'
ಅಲ್ಲಿಯೂ ಇರುವುದಿಲ್ಲ ಅಜ್ಜಾ, ನಾನು ನೋಡಿದ್ದೇನೆ.
ಇವಳಂತೂ ಯಾವ ಮನೆಗೂ ಹೋಗಲಿಲ್ಲ. ಸಮುದ್ರಕ್ಕೆ ಹಾಕಿದರು.

ಅಜ್ಜ ಬಹಳ ಹೊತ್ತು ಸುಮ್ಮನಿದ್ದ.
ಪಕ್ಕದ ಮನೆಯ ಇನ್ವರ್ಟರ್ ಗುಂಯ್ ಎನ್ನುತ್ತಿತ್ತು.
'ಸಮುದ್ರದ ಮನ್ಯಾಗೂ,' ಅಂದ,
'ಒಬ್ಬ ಹೆಳವ ಇದ್ದಿರಬೇಕು.'
ಹೇಳಿದವನಿಗೇ ನಂಬಿಕೆ ಬರಲಿಲ್ಲ. ಮಗ್ಗುಲು ಬದಲಿಸಿದ.

ಬೆಳಿಗ್ಗೆ ನಾನು ಚಪ್ಪಲಿ ಹುಡುಕುವಾಗ
ಮೆಟ್ಟಿಲ ಮೇಲೆ ಕೂತು ಹಳೇ ಧಾಟಿಯಲ್ಲಿ ಎತ್ತಿಕೊಂಡಿದ್ದ:
ಹಿನ್ರಿಖಪ್ಪನ ಮಗ ಯೋಹಾನಪ್ಪ, ಯೋಹಾನಪ್ಪನ ಮಗ ಡೀಡ್ರಿಖಪ್ಪ,
ಎರಿ ಭೂಮಿಗೆ ಮೊದಲು ನೇಗಿಲು ಇಟ್ಟಾವ...
ಹಾಲಿನವನು ಸೈಕಲ್ ನಿಲ್ಲಿಸಿ ಕೇಳುತ್ತಿದ್ದ.
ನಡುವೆ ಒಂದು ಕಡೆ ಹೆಸರು ಹೇಳಲಿಲ್ಲ.
ಚಹಾದ ಲೋಟಕ್ಕೆ ಬೆರಳಿನ ತಾಮ್ರದುಂಗುರ ತಾಗಿಸಿದ.
ಟಿಣ್.
ಮುಂದೆ ಹೋದ.

ಮುಗಿದ ಮೇಲೆ ರೂಢಿಯಂತೆ ಕೈ ಚಾಚಿದ.
ಜೋಳ ಎಲ್ಲಿಂದ ತರಲಿ? ಊಟದ ಡಬ್ಬಿ ಬಿಚ್ಚಿ
ರೊಟ್ಟಿ ಮುರಿದು ಏಳು ಚೂರು ಇಟ್ಟೆ.

ಎಣಿಸಿ ನೋಡಿದ.
'ಇನ್ನೊಂದು,' ಅಂದ.