ಕೆಳಗಿನ ಸಪ್ಪಳ

ಬಕ್ಕಪ್ಪ ಮಾವ, ನನ್ನ ತಾಯಿಯ ಅಣ್ಣ, ನನ್ನನ್ನು ಸಾಕಿದವ.
ಮೂವತ್ತೊಂದು ವರ್ಷ ಕರೆಂಟಿನ ಕಂಬ ಹತ್ತಿ ಇಳಿದವ.
ತಂತಿಯೊಳಗೆ ಹರಿಯುವುದನ್ನು
ಕಣ್ಣಿಗೆ ಕಾಣದಿದ್ದರೂ ಬಲ್ಲವ.
ಅಂಥವನಿಗೆ ಈಗ ನೆಲದೊಳಗಿನದು ಕೇಳಿಸುತ್ತದೆ.

ರಾತ್ರಿ ಎರಡಕ್ಕೆದ್ದು ಫರಸಿಗೆ ಕಿವಿ ಹಚ್ಚುತ್ತಾನೆ.
"ತೋಡ್ಲತ್ತಾರ, ಕೇಳು.
ಅವರ ಗಲ್ಲಿಯಿಂದ ನಮ್ಮ ಗಲ್ಲಿತನಕ ಸುರಂಗ.
ಒಂದಿನ ನಸುಕಿಗೆ
ನಿನ್ನ ಒಲಿಗುಂಡಿನ ಕೆಳಗಿಂದ ಏಳ್ತಾರ ನೋಡು."
ಮೊಬೈಲಿನಲ್ಲಿ ಪುರಾವೆಯೂ ಇದೆ:
ಯಾವುದೋ ದೇಶದ ಗಣಿ, ಯಾರದೋ ಟಾರ್ಚು,
ಮೇಲೆ ಕೆಂಪಕ್ಷರದಲ್ಲಿ ಬೀದರ.

ಮಾವಾ, ಅದು ಇಲಿ, ಅಂದೆ.
ಇಲಿಯೂ ಅವರದೇ, ಅಂದ.

ಸುರಂಗವಂತೂ ಖರೆ.
ನಾನೇ ಅದರೊಳಗೆ ಇಳಿಯುವವಳು,
ದಿನಕ್ಕೆ ನಾಕುನೂರಾ ಇಪ್ಪತ್ತು ಕೂಲಿ.
ಸುಲ್ತಾನರ ಕಾಲದ ಕರೇಜು,
ನೌಬಾದದ ಕೆಂಪು ಮುರುಮಿನ ಹೊಟ್ಟೆಯೊಳಗೆ ನೀರಿನ ನರ.
ಹೊಲಗಳ ನಡುವೆ ಸಾಲಾಗಿ ಅದರ ಬಾಯಿಗಳು.
ಹೂಳೆತ್ತುವ ಕೆಲಸ ಯುಗಾದಿಯ ಮರುದಿನ ಸುರುವಾಯಿತು.
ಇಲ್ಲಿತನಕ ಎತ್ತಿದ್ದು ಬರೆದಿಟ್ಟಿದ್ದೇನೆ:
ಕೆಸರು. ಗುಟ್ಕಾ ಪಾಕೀಟು. ಒಂಟಿ ಚಪ್ಪಲಿ ಹನ್ನೊಂದು.
ಕಿವಿ ಮುರಿದ ಗಂಗಾಳ. ತಾಯತ.
ಗಣಪತಿಯ ಒಂದು ಕೈ, ಕೈಯಲ್ಲಿ ಲಾಡು.
ಆಯುಧ ಒಂದೇ, ಕುಡಗೋಲು.
ಅದು ನನ್ನ ಕೈಯಿಂದಲೇ ಜಾರಿ ಬಿದ್ದದ್ದು.

ಮೇಲೆ ಹಗ್ಗ ಹಿಡಿಯುವವಳು ಖೈರೂನ್‌ಬೀ.
ಇದನ್ನೂ ಬರೆದಿಡಬೇಕು:
ಮೊದಲ ದಿನ ಅವಳು ನನ್ನ ನಡುವಿಗೆ ಹಾಕಿದ ಗಂಟನ್ನು
ಮೂರು ಸಲ ಜಗ್ಗಿ ನೋಡಿದೆ.
ಎರಡು ಸಲವಾದರೆ ಎಚ್ಚರಿಕೆ ಅನ್ನಬಹುದು.
ಮೂರನೆಯದು ಏನೆಂದು ನನಗೂ ಗೊತ್ತಿತ್ತು,
ಅವಳಿಗೂ ಗೊತ್ತಾಯಿತು.
"ಇನ್ನೊಮ್ಮಿ ನೋಡಕ್ಕಾ," ಅಂದಳು,
ಎಲಿ ಅಡಕಿ ಬಾಯಿಗೆ ಹಾಕಿಕೊಂಡಳು.
ಮಾವನ ಸುರಂಗ ಅಂದು ನನ್ನತನಕ ಬಂದು ಮುಟ್ಟಿತ್ತು.

ಮೊನ್ನೆ ಸೋಮವಾರ ಏಳನೆಯ ಬಾಯಿಯ ಕೆಳಗಿದ್ದೆ.
ಅದಕ್ಕೆ ಹತ್ತಿಯೇ ಚಹಾದ ಡಬ್ಬಿ ಅಂಗಡಿ.
ಮಣಕಾಲು ನೀರಿನಲ್ಲಿ ನಿಂತವಳ ಮೇಲೆ
ಮಾತು ಬೀಳತೊಡಗಿದವು,
ಸೇದಿ ಒಗೆದ ಬೀಡಿಯ ತುಂಡಿನ ಹಾಗೆ.
"ನೂರಾರು ಮಂದಿ ಅದಾರ ಕೆಳಗ. ರೇಶನ್ ಸುದ್ದಾ ಇಳಿಸ್ಯಾರ."
ಮಾವನದೇ ದನಿ.
"ನೀ ಕಂಡೀದಿ?" ಯಾರೋ ಕೇಳಿದರು.
"ಕಾಣಬಾರದಂತೇ ಕೆಳಗ ಇರೋದು."

ತಡೆಯಲಾಗಲಿಲ್ಲ. ತಲೆ ಮೇಲೆತ್ತಿ ಕೂಗಿದೆ:
"ಮಾವಾ! ಕೆಳಗ ಯಾರೂ ಇಲ್ಲೋ!"

ಕರೇಜಿನ ಗೋಡೆಗಳು ಅದನ್ನು ತಕ್ಕೊಂಡು
ಒಂದಕ್ಕೆ ನಾಲ್ಕು ಮಾಡಿ
ಎಲ್ಲ ಬಾಯಿಗಳಿಂದಲೂ ಮೇಲಕ್ಕೆ ಕೊಟ್ಟವು:
ಯಾರೂ ಇಲ್ಲೋ, ಇಲ್ಲೋ, ಇಲ್ಲೋ.
ಗ್ಲಾಸು ಒಡೆದ ಸದ್ದು. ಓಡುವ ಕಾಲು.
"ಕೇಳಿದ್ರಿಲ್ಲೋ!
ಯಾರೂ ಇಲ್ಲಂತ ಹೇಳಲಿಕ್ಕೂ ಮಂದಿ ಇಟ್ಟಾರ!"

ಖೈರೂನ್‌ಬೀ ನಗುತ್ತ ಹಗ್ಗ ಎಳೆದಳು.
ಅವಳು ನಕ್ಕಾಗೊಮ್ಮೆ ನನ್ನ ಭುಜ ಗೋಡೆಗೆ ತಾಗಿತು.
"ನಮ್ಮ ಖಾಲಾಗೂ ರಾತ್ರಿ ಸಪ್ಪಳ ಕೇಳತದ,"
ಅಂದಳು, ಮುಖಕ್ಕೆ ನೀರು ಹಾಕುತ್ತ,
"ನಿಮ್ಮ ಗಲ್ಲಿಯವರು ತೋಡ್ಲತ್ತಾರಂತ."

ಮಾವ ಬೇವಿನ ಮರದ ಮರೆಗೆ ನಿಂತಿದ್ದ.
ಕೆಸರು ಮೆತ್ತಿದ ನನ್ನನ್ನು ನೋಡಿದ. ಹಗ್ಗ ನೋಡಿದ.
ಹಗ್ಗದ ಆ ತುದಿಯನ್ನೂ ನೋಡಿದ.
ತಪ್ಪಾಯಿತು ಅನ್ನುವ ಪೈಕಿ ಅವನಲ್ಲ.
"ನೀ ಇಳದಿದ್ದು ಮ್ಯಾಲಿನ ಸುರಂಗ," ಅಂದ,
"ಇದರ ಕೆಳಗ ಇನ್ನೊಂದು ಅದ."

ರಾತ್ರಿ ಎರಡಕ್ಕೆ ಮತ್ತೆ ಎದ್ದ. ನಾನೂ ಎದ್ದೆ.
ಬೈಯಲಿಲ್ಲ, ದೀಪ ಹಚ್ಚಲಿಲ್ಲ.
ಅವನ ಎದುರು ಕುಂತು ಫರಸಿಗೆ ಕಿವಿಯಿಟ್ಟೆ.
ತಂಪಿತ್ತು. ಬಹಳ ಹೊತ್ತಾದ ಮೇಲೆ
"ಏನು ಕೇಳತದ?" ಅಂದ.
"ನೀರು."
"ಯಾ ಕಡಿ ಹೊಂಟದ?"
"ನಾಳಿ ಬಾ. ಇಳಿದು ನೋಡು. ಹಗ್ಗ ಗಟ್ಟಿ ಅದ."

ಹೊರಗೆ ಯಾವುದೋ ಲಾರಿ ಹಾದುಹೋಯಿತು, ನೆಲ ನಡುಗಿತು,
ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ಕತ್ತಲೊಳಗಿಂದ ಮೆಲ್ಲಗೆ ಕೇಳಿದ:
"ಗಂಟು ಯಾರು ಹಾಕ್ತಾರ?"